ಅಡುಗೆಮನೆಯ ಹಳೆಯ ಕಪಾಟಿಗೆ ಬಣ್ಣ ಹಚ್ಚುವ ಮುನ್ನ

ಹಿರಿಯರು ಕಟ್ಟಿಸಿದ ಮನೆಯನ್ನು ಕೆಡವದೆ, ಇಂದಿನ ಅನುಕೂಲಕ್ಕೆ ತಕ್ಕಂತೆ ದುರಸ್ತಿ ಮಾಡಿಸಿಕೊಂಡು ಅದರಲ್ಲಿಯೇ ಬಾಳಬೇಕೆಂಬ ವಿಚಾರ ಈಗ ಅನೇಕ ಕುಟುಂಬಗಳಲ್ಲಿ ಮೂಡಿದೆ. ಇದು ಸಂತೋಷದ ಸಂಗತಿ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಹಳೆಯ ಮನೆಗಳ ಗೋಡೆಗಳು ಬಹಳ ದಪ್ಪ. ಆ ದಪ್ಪದಲ್ಲಿಯೇ ಗೂಡು ಬಿಟ್ಟು, ಅದಕ್ಕೆ ಮರದ ಚೌಕಟ್ಟು ಕೂಡಿಸಿ, ಹಲಗೆ ಇಟ್ಟು, ಕದ ಹಚ್ಚಿ ಕಪಾಟು ಮಾಡುತ್ತಿದ್ದರು. ಹೊರಗೆ ಒಂದಿಂಚೂ ಜಾಗ ತಿನ್ನದ ಇಂಥ ಕಪಾಟುಗಳಲ್ಲಿ ಉಪ್ಪಿನಕಾಯಿಯ ಭರಣಿ, ಚಟ್ನಿಪುಡಿಯ ಡಬ್ಬಿ, ಹಿತ್ತಾಳೆಯ ಪಾತ್ರೆ, ವರ್ಷದ ಬೇಳೆಕಾಳು ಎಲ್ಲವೂ ನೆಲೆ ಕಂಡುಕೊಂಡಿದ್ದವು.

ಮನೆಯ ದುರಸ್ತಿ ಆರಂಭವಾಯಿತೆಂದರೆ ಮೊದಲ ಪ್ರಶ್ನೆ ಏಳುವುದು ಅಡುಗೆಮನೆಯಲ್ಲಿಯೇ. ಹೊಗೆ ಕುಡಿದು ಕಪ್ಪಾದ, ಜಿಡ್ಡು ಹಿಡಿದ, ಅಲ್ಲಲ್ಲಿ ಬಣ್ಣ ಸಿಪ್ಪೆ ಎದ್ದ ಈ ಕಪಾಟುಗಳನ್ನು ಏನು ಮಾಡಬೇಕು? ಕಿತ್ತೊಗೆದು ಹೊಸ ಮಾದರಿಯ ಅಡುಗೆಮನೆ ಮಾಡಿಸಬೇಕೋ, ಬಣ್ಣ ಬಳಿಸಿ ಉಳಿಸಿಕೊಳ್ಳಬೇಕೋ? ನೋಡಲು ಇದು ಸಣ್ಣ ಕೆಲಸ. ಆದರೆ ಇದರಲ್ಲಿ ಮನೆಯ ಮಕ್ಕಳ ಆರೋಗ್ಯದ ಪ್ರಶ್ನೆಯೊಂದು ಅಡಗಿದೆ. ಆದುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿಯೇ ವಾಚಕರ ಮುಂದಿಡುತ್ತಿದ್ದೇವೆ.

ಉಳಿಸುವುದೋ, ತೆಗೆಯುವುದೋ?

ನಮ್ಮ ಮನೆಯಲ್ಲಿಯೂ ಈ ಚರ್ಚೆ ನಡೆಯಿತು. ಸೊಸೆಗೆ ಅಡುಗೆಮನೆ ಬೆಳ್ಳಗೆ, ಬೆಳಕಾಗಿ ಇರಬೇಕೆಂಬ ಆಸೆ. ದಿನದ ಬಹುಪಾಲು ಅಲ್ಲಿ ಕಳೆಯುವವರ ಆಸೆ ನ್ಯಾಯವಾದದ್ದೇ. ನಮ್ಮ ತಾಯಿಯವರದು ಬೇರೆ ಮಾತು: "ಇದು ಸಾಗವಾನಿ ಕಟಿಗಿ. ಇಂಥಾದ್ದು ಇನ್ನ ಎಲ್ಲಿ ಸಿಗತೈತಿ? ತೆಗೀಬ್ಯಾಡ್ರಿ." ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಬಡಿಗರನ್ನು ಕರೆಸಿ ಪರೀಕ್ಷೆ ಮಾಡಿಸಿದ ಮೇಲೆಯೇ ತೀರ್ಮಾನಕ್ಕೆ ಬರುವುದೆಂದು ಒಪ್ಪಿಕೊಂಡೆವು.

ಪರೀಕ್ಷೆ ಕಠಿಣವಾದದ್ದಲ್ಲ. ಚೌಕಟ್ಟಿನ ಬುಡ, ಹಲಗೆಯ ಹಿಂಬದಿ, ಗೋಡೆಗೆ ತಾಗಿದ ಅಂಚು, ಈ ಮೂರು ಸ್ಥಳಗಳಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಬೇಕು. ಗಟ್ಟಿ ಮರ ತುದಿಯನ್ನು ಒಳಗೆ ಬಿಡುವುದಿಲ್ಲ. ಮೆತ್ತಗೆ ಒಳಹೋದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಮಣ್ಣಿನ ಗೆರೆ ಕಂಡರೆ ಗೆದ್ದಲು ಇದೆಯೆಂದು ತಿಳಿಯಬೇಕು. ಹಿಟ್ಟಿನಂಥ ನುಣುಪು ಪುಡಿ ಉದುರುತ್ತಿದ್ದರೆ ಕಟ್ಟಿಗೆ ಕೊರೆಯುವ ಹುಳುವಿನ ಕೆಲಸವದು. ತೇಗದ ತಿರುಳಿಗೆ ಹುಳು ಹತ್ತುವುದು ಅಪರೂಪ. ಆದರೆ ಹಳೆಯ ಕಪಾಟುಗಳಲ್ಲಿ ಚೌಕಟ್ಟು ತೇಗದ್ದಾಗಿ ಒಳಗಿನ ಹಲಗೆ ಬೇವು ಅಥವಾ ಮಾವಿನದಾಗಿರುವುದುಂಟು. ತೇಗದಲ್ಲಿಯೂ ಅಂಚಿನ ಬಿಳಿಭಾಗ ದುರ್ಬಲವಾದದ್ದು. ಕೆಟ್ಟ ಹಲಗೆಯಷ್ಟನ್ನೇ ಬದಲಿಸಿದರೆ ಸಾಕು. ಇಡೀ ಕಪಾಟನ್ನು ಕೀಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ಮುಖ್ಯ. ಗೆದ್ದಲಿಗೂ ತೇವಕ್ಕೂ ನಂಟು. ಕಪಾಟಿನ ಹಿಂದಿನ ಗೋಡೆಗೆ ಬಚ್ಚಲಿನ ನೀರೋ ಮಾಳಿಗೆಯ ಸೋರಿಕೆಯೋ ಇಳಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಹಸಿ ಗೋಡೆಗೆ ಆತುಕೊಂಡ ಮರಕ್ಕೆ ಎಂಥ ಬಣ್ಣ ಬಳಿದರೂ ವರ್ಷದೊಳಗೆ ಗುಳ್ಳೆ ಎದ್ದು ಉದುರುತ್ತದೆ.

ಮರ ಗಟ್ಟಿಯಾಗಿದ್ದರೆ ಉಳಿಸುವುದೇ ಲೇಸು. ಇಂದು ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಸಿದ್ಧ ಕಪಾಟುಗಳಲ್ಲಿ ಅನೇಕವು ಮರದ ಪುಡಿಗೆ ಅಂಟು ಬೆರೆಸಿ ಒತ್ತಿದ ಹಲಗೆಯವು. ನೀರು ತಾಗಿದಲ್ಲಿ ಅವು ಉಬ್ಬುತ್ತವೆ. ಉಬ್ಬಿದ್ದು ಮತ್ತೆ ಇಳಿಯದು. ಸ್ಕ್ರೂ ಒಮ್ಮೆ ಸಡಿಲಾದರೆ ಮತ್ತೆ ಹಿಡಿಯದು. ಅಂಥ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬೀಳುತ್ತದೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಘೋಷಿಸಿತು. ಹಳೆಯ ಸಾಗವಾನಿಗೆ ಇಂಥ ಯಾವ ದೋಷವೂ ಇಲ್ಲ. ಅದರ ಮೇಲಿನ ಬಣ್ಣಕ್ಕೆ ಮಾತ್ರ ದೋಷವಿರಬಹುದು.

ಹಳೆಯ ಬಣ್ಣದೊಳಗಿನ ವಿಷ

ನಮ್ಮ ಕಪಾಟಿನ ಕದದ ಒಂದು ಮೂಲೆಯಲ್ಲಿ ಬಣ್ಣದ ಸಿಪ್ಪೆ ಎದ್ದಿತ್ತು. ಅದರ ಅಂಚನ್ನು ನೋಡಿದರೆ ಮೂರು ಪದರು ಕಂಡವು. ಮೇಲೆ ತಿಳಿಹಸಿರು, ನಡುವೆ ಹಳದಿ, ಕೆಳಗೆ ಬಿಳಿ. ಮೂರು ಕಾಲದ ಮೂರು ಬಣ್ಣ. ಈ ಪದರುಗಳಲ್ಲಿ ಸೀಸವಿರುವ ಸಂಭವ ಹೆಚ್ಚು.

ಸೀಸಕ್ಕೂ ಬಣ್ಣಕ್ಕೂ ಬಹುಕಾಲದ ಸಂಬಂಧ. ಸಫೇದಾ ಎಂದು ಬಣ್ಣಗಾರರು ಕರೆಯುತ್ತಿದ್ದ ಬಿಳಿ ಪುಡಿ ಸೀಸದ ಕಾರ್ಬೋನೇಟು. ಹೊಳೆಯುವ ಹಳದಿ ಬಣ್ಣ ಸೀಸದ ಕ್ರೋಮೇಟು. ಕಿತ್ತಳೆಗೆಂಪಿನ ಸಿಂಧೂರವೂ ಸೀಸದ್ದೇ. ಎಣ್ಣೆಬಣ್ಣ ಬೇಗ ಒಣಗಲೆಂದು ಬೆರೆಸುವ ದ್ರವ್ಯದಲ್ಲಿಯೂ ಸೀಸವಿರುತ್ತಿತ್ತು. ಇದರ ಅಪಾಯ ಜಗತ್ತಿಗೆ ಗೊತ್ತಿರಲಿಲ್ಲವೆಂದಲ್ಲ. ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸ ಬಳಸಕೂಡದೆಂಬ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1921ರಷ್ಟು ಹಿಂದೆಯೇ ಅಂಗೀಕರಿಸಿತ್ತು. ಅಮೆರಿಕ ದೇಶ ಮನೆಬಳಕೆಯ ಸೀಸದ ಬಣ್ಣವನ್ನು 1978ರಲ್ಲಿ ನಿಷೇಧಿಸಿತು. ನಮ್ಮ ದೇಶದಲ್ಲಿ ಕೇಂದ್ರ ಪರಿಸರ ಮಂತ್ರಾಲಯ 2016ರಲ್ಲಿ ನಿಯಮ ಹೊರಡಿಸಿ, 2017ರ ನವೆಂಬರ್ 1ರಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಕೂಡದೆಂದು ವಿಧಿಸಿತು. ಅಂದಮೇಲೆ ಅದಕ್ಕೂ ಹಿಂದೆ ನಮ್ಮ ಮನೆಗಳಲ್ಲಿ ಬಳಿದ ಎಣ್ಣೆಬಣ್ಣಗಳಿಗೆ ಇಂಥ ಕಟ್ಟಳೆ ಇರಲಿಲ್ಲವೆಂಬುದು ಸ್ಪಷ್ಟ.

ಸೀಸವೇನು ಮಾಡುತ್ತದೆ? ಅದು ಮೆದುಳಿಗೂ ನರಗಳಿಗೂ ವಿಷ. ಮಕ್ಕಳಲ್ಲಿ ಬುದ್ಧಿಯ ಬೆಳವಣಿಗೆ ಕುಂದುತ್ತದೆ, ಏಕಾಗ್ರತೆ ನಿಲ್ಲುವುದಿಲ್ಲ, ರಕ್ತಹೀನತೆ ಬರುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಎಳೆಯ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಒಮ್ಮೆ ಸೇರಿದ ಸೀಸ ಎಲುಬಿನಲ್ಲಿ ನೆಲೆಸುತ್ತದೆ. ಹೆಣ್ಣುಮಕ್ಕಳು ಗರ್ಭಿಣಿಯರಾದಾಗ ಎಲುಬಿನಿಂದ ಅದು ರಕ್ತಕ್ಕೆ ಇಳಿದು ಹೊಟ್ಟೆಯ ಕೂಸನ್ನೂ ಮುಟ್ಟುತ್ತದೆ. ಇಷ್ಟು ಸೀಸ ಸೇರಿದರೆ ತೊಂದರೆಯಿಲ್ಲ ಎಂಬ ಮಿತಿಯೇ ಇಲ್ಲವೆಂದು ಅದೇ ಸಂಸ್ಥೆ ಹೇಳುತ್ತದೆ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಕಾರಿ ಪ್ರಮಾಣದ ಸೀಸವಿದೆಯೆಂದು 2020ರಲ್ಲಿ ಯುನಿಸೆಫ್ ವರದಿ ಪ್ರಕಟಿಸಿತು. ಇದಕ್ಕೆಲ್ಲ ಬಣ್ಣವೊಂದೇ ಕಾರಣವಲ್ಲ. ಹಳೆಯ ಬ್ಯಾಟರಿ ಕರಗಿಸುವ ಉದ್ಯಮ, ಕಲಬೆರಕೆ ಮಸಾಲೆ ಪುಡಿ ಮೊದಲಾದ ಕಾರಣಗಳೂ ಇವೆ. ಆದರೆ ಮನೆಯೊಳಗೆ ನಮ್ಮ ಕೈಯಲ್ಲಿಯೇ ಇರುವ ಕಾರಣವನ್ನು ನಾವೇ ತಡೆಯಬಹುದಲ್ಲವೆ?

ಗಮನಿಸಬೇಕಾದದ್ದು ಇಷ್ಟು: ಗಟ್ಟಿಯಾಗಿ ಕೂತ ಹಳೆಯ ಬಣ್ಣ ಸುಮ್ಮನಿದ್ದಾಗ ಅಪಾಯ ಕಡಿಮೆ. ಅದನ್ನು ಕೆರೆದಾಗ, ಉಜ್ಜಿದಾಗ, ಸುಟ್ಟಾಗ ಸೀಸ ಧೂಳಾಗಿ, ಹೊಗೆಯಾಗಿ ಎದ್ದು ನೆಲಕ್ಕೆ, ಪಾತ್ರೆಗೆ, ಧಾನ್ಯಕ್ಕೆ ಇಳಿಯುತ್ತದೆ. ಅಂಬೆಗಾಲಿಡುವ ಕೂಸು ಆ ನೆಲದ ಮೇಲೆಯೇ ಆಡುತ್ತದೆ. ಕೈಯನ್ನು ಬಾಯಿಗೆ ಹಾಕುತ್ತದೆ. ದುರಸ್ತಿಯ ದಿನಗಳೇ ಎಲ್ಲಕ್ಕಿಂತ ಹೆಚ್ಚು ಅಪಾಯದ ದಿನಗಳು.

ಕೆರೆಯುವುದಾದರೆ ಹೇಗೆ?

ನಮ್ಮ ಮನೆಗೆ ಬಂದ ಬಣ್ಣಗಾರರು ಅನುಭವಸ್ಥರು. ಕಪಾಟನ್ನು ನೋಡಿದವರೇ, "ಬ್ಲೋಲ್ಯಾಂಪ್ ಹಚ್ಚಿ ಒಂದ ದಿನದಾಗ ಎಲ್ಲಾ ತೆಗದ ಬಿಡ್ತೀನ್ರೀ ಯಜಮಾನ್ರ" ಎಂದರು. ಮನೆಯಲ್ಲಿ ಹನ್ನೊಂದು ತಿಂಗಳ ಮೊಮ್ಮಗಳಿದ್ದಳು. ಬೇಡವೆಂದು ಕಾರಣ ವಿವರಿಸಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಇಪ್ಪತ್ತ ವರ್ಷ ಆತ್ರಿ, ಬಾಯಿಗೆ ಬರೇ ಟಾವೆಲ್ ಕಟಗೊಂಡ ಕೆರ್‍ಯಾಕ ಹತ್ತೀನಿ. ಯಾರೂ ಹೇಳ್ಲಿಲ್ಲ ನೋಡ್ರಿ" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ನಮ್ಮ ಮಗುವಿನ ಚಿಂತೆ ನಮಗಿತ್ತು. ಅದೇ ಧೂಳನ್ನು ಬಟ್ಟೆಯಲ್ಲಿ ಹೊತ್ತುಕೊಂಡು ಸಂಜೆ ತಮ್ಮ ಮನೆಗೆ ಹೋಗುವವರಿಗೂ ಮಕ್ಕಳಿರುತ್ತಾರೆ. ಕಾಯಕಕ್ಕೆ ಬಂದವರ ಆರೋಗ್ಯವೂ ಕೆಲಸ ಹೇಳಿದವರ ಹೊಣೆಯೇ.

ಆದುದರಿಂದ ಈ ಕ್ರಮಗಳನ್ನು ಅನುಸರಿಸುವುದು ಕ್ಷೇಮ.

ಬಣ್ಣದಲ್ಲಿ ಸೀಸವಿದೆಯೇ ಎಂಬುದು ಕಣ್ಣಿಗೆ ತಿಳಿಯದು. ಪ್ರಯೋಗಾಲಯದ ಪರೀಕ್ಷೆಯೇ ಬೇಕು. ಪರೀಕ್ಷೆ ಮಾಡಿಸದಿದ್ದರೆ, 2017ಕ್ಕೂ ಹಿಂದಿನ ಎಣ್ಣೆಬಣ್ಣದಲ್ಲಿ ಸೀಸವಿದೆಯೆಂದೇ ಭಾವಿಸಿ ನಡೆಯಬೇಕು.

ಕೂಸುಗಳು, ಚಿಕ್ಕ ಮಕ್ಕಳು, ಗರ್ಭಿಣಿಯರು, ಬಾಣಂತಿಯರು ಕೆಲಸ ಮುಗಿದು ಮನೆ ಸ್ವಚ್ಛವಾಗುವವರೆಗೆ ಬೇರೆಡೆ ಇರಬೇಕು. ಸೊಸೆಯನ್ನೂ ಮೊಮ್ಮಗಳನ್ನೂ ನಾವು ಎರಡು ವಾರ ತವರಿಗೆ ಕಳಿಸಿದೆವು.

ಅಡುಗೆಮನೆಯ ದವಸ, ಪಾತ್ರೆ, ಡಬ್ಬಿ ಎಲ್ಲವನ್ನೂ ಮೊದಲೇ ಹೊರಗೆ ಸಾಗಿಸಬೇಕು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಒಳಬಾಗಿಲಿಗೂ ಹಾಳೆ ಇಳಿಬಿಟ್ಟು, ಹೊರಗಿನ ಕಿಟಕಿ ತೆರೆದಿಡಬೇಕು. ಕದಗಳನ್ನು ಬಿಜಾಗರಿಯಿಂದ ಬಿಚ್ಚಿ, ಮನೆಮಂದಿ ಓಡಾಡದ, ಗಿಡಬಳ್ಳಿಯಿಲ್ಲದ ಕಡೆ ಹಾಳೆಯ ಮೇಲೆ ಇಟ್ಟು ಕೆಲಸ ಮಾಡುವುದು ಇನ್ನೂ ಒಳ್ಳೆಯದು.

ಬಣ್ಣ ಗಟ್ಟಿಯಾಗಿದ್ದಲ್ಲಿ ಅದನ್ನು ಪೂರ್ತಿ ತೆಗೆಯುವ ಹಟ ಬೇಡ. ಹೊಳಪು ಹೋಗುವಷ್ಟು ಮಾತ್ರ ಉಜ್ಜಿ ಅದರ ಮೇಲೆಯೇ ಪ್ರೈಮರ್ ಹಚ್ಚಬಹುದು. ಸಿಪ್ಪೆ ಎದ್ದಲ್ಲಿ ಮಾತ್ರ ನೀರು ಚಿಮುಕಿಸಿ ಮೆಲ್ಲಗೆ ಕೆರೆಯಬೇಕು. ನೀರಿನಲ್ಲಿ ಬಳಸುವ ಕಪ್ಪು ಪಾಲಿಶ್ ಪೇಪರಿನಿಂದ, ಒದ್ದೆ ಮಾಡಿಕೊಂಡೇ ಉಜ್ಜಬೇಕು. ಒಣಗಿದ ಮೇಲೆ ಉಜ್ಜುವುದು, ಯಂತ್ರ ಹಚ್ಚಿ ಉಜ್ಜುವುದು, ಬೆಂಕಿಯಿಂದ ಸುಡುವುದು, ಇವು ಮೂರೂ ವರ್ಜ್ಯ. ಬಣ್ಣ ತೆಗೆಯುವ ದ್ರಾವಣಗಳನ್ನು ಕೊಳ್ಳುವಾಗ ಡಬ್ಬಿಯ ಮೇಲೆ ಮಿಥಿಲೀನ್ ಕ್ಲೋರೈಡ್ ಎಂದಿದ್ದರೆ ಬೇಡವೆನ್ನಿರಿ. ಮುಚ್ಚಿದ ಕೋಣೆಯಲ್ಲಿ ಅದರ ಹಬೆ ಪ್ರಾಣಕ್ಕೆ ಎರವಾಗಬಲ್ಲದು. ಅಮೆರಿಕದಲ್ಲಿ ಮನೆಬಳಕೆಗೆ ಅದರ ಮಾರಾಟವನ್ನು 2019ರಲ್ಲಿ ನಿಷೇಧಿಸಲಾಯಿತು.

ಬಾಯಿಗೆ ಕಟ್ಟಿದ ಬಟ್ಟೆ ಸೂಕ್ಷ್ಮ ಧೂಳನ್ನು ತಡೆಯದು. ಎನ್-95 ಮಾದರಿಯ ಮಾಸ್ಕ್ ಆದರೂ ಬೇಕು. ಕೆಲಸದ ಸ್ಥಳದಲ್ಲಿ ಚಹ, ಎಲೆಅಡಿಕೆ ಸಲ್ಲದು. ಕೈ ಮುಖ ಸೋಪಿನಿಂದ ತೊಳೆದೇ ಊಟಕ್ಕೆ ಕೂಡ್ರಬೇಕು. ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಸಂಜೆ ಕಸಬರಿಗೆ ಹಿಡಿದು ಗುಡಿಸಿದರೆ ಧೂಳು ಮತ್ತೆ ಏಳುತ್ತದೆ. ಒದ್ದೆ ಬಟ್ಟೆಯಿಂದಲೇ ಒರೆಸಬೇಕು. ಕೆರೆದ ಸಿಪ್ಪೆಯನ್ನು ಹಾಳೆಯಲ್ಲಿಯೇ ಸುತ್ತಿ ಬಿಗಿಯಾಗಿ ಕಟ್ಟಬೇಕು. ಅದನ್ನು ಹಿತ್ತಲಲ್ಲಿ ಚೆಲ್ಲುವುದಾಗಲಿ, ಬಚ್ಚಲ ಒಲೆಗೆ ಹಾಕುವುದಾಗಲಿ ಸರ್ವಥಾ ಕೂಡದು.

ಜಿಡ್ಡು ಹೋಗದೆ ಬಣ್ಣ ನಿಲ್ಲದು

ಅಡುಗೆಮನೆಯ ಮರಕ್ಕೆ ಬಳಿದ ಬಣ್ಣ ಬೇಗ ಕಿತ್ತು ಬರುವುದಕ್ಕೆ ಬಹುತೇಕ ಕಾರಣ ಜಿಡ್ಡು. ಒಗ್ಗರಣೆಯ ಎಣ್ಣೆ ಹಬೆಯಾಗಿ ಎದ್ದು, ಕದದ ಮೇಲೆ ಕೂತು, ಹೊಗೆಯ ಮಸಿಯೊಡನೆ ಬೆರೆತು ಅಂಟಾಗುತ್ತದೆ. ಜಿಡ್ಡು ತೊಳೆಯದೆ ಉಜ್ಜಿದರೆ ಅದು ಮರದ ಎಳೆಗಳೊಳಗೆ ಇನ್ನಷ್ಟು ಇಳಿಯುತ್ತದೆ. ಆದ್ದರಿಂದ ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ.

ಬಿಸಿನೀರಿಗೆ ತುಸು ವಾಷಿಂಗ್ ಸೋಡಾ ಹಾಕಿ, ಕೈಗೆ ರಬ್ಬರ್ ಚೀಲ ತೊಟ್ಟು, ಬಟ್ಟೆಯಿಂದ ಒರೆಸಬೇಕು. ಅಂಟುವಾಳಕಾಯಿ ನೆನೆಸಿದ ನೀರೂ ಜಿಡ್ಡು ಬಿಡಿಸುತ್ತದೆ. ಬಿಜಾಗರಿಯ ಸುತ್ತ, ಹಿಡಿಕೆಯ ಬಳಿ, ಕೆತ್ತನೆಯ ಸಂದುಗಳಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಉಪಯೋಗಕ್ಕೆ ಬರುತ್ತದೆ. ಬಳಿಕ ಎರಡು ಸಲ ಬರಿ ನೀರಿನಿಂದ ಒರೆಸಿ ಸೋಡಾದ ಅಂಶ ಹೋಗಲಾಡಿಸಬೇಕು. ಮರದ ಮೇಲೆ ನೀರು ಸುರಿಯಬಾರದು. ಎರಡು ದಿನವಾದರೂ ಗಾಳಿಗೆ ಒಣಗಬೇಕು.

ಹಳೆಯ ಲೇಪ ಯಾವುದೆಂದು ತಿಳಿಯಲು ಒಂದು ಉಪಾಯವಿದೆ. ಅರಳೆಯನ್ನು ಪಾಲಿಶ್ ಸ್ಪಿರಿಟ್‌ನಲ್ಲಿ ಅದ್ದಿ ಮೂಲೆಯೊಂದರಲ್ಲಿ ಉಜ್ಜಿರಿ. ಕಂದು ಬಣ್ಣ ಕರಗಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಬಣ್ಣದ ಲೇಪ ಮೆತ್ತಗಾದರೆ ನೀರಿನ ಬಣ್ಣ. ಏನೂ ಆಗದಿದ್ದರೆ ಎಣ್ಣೆಬಣ್ಣವೆಂದು ತಿಳಿಯಬಹುದು. ಎಣ್ಣೆಬಣ್ಣದ ಹೊಳಪಿನ ಮೇಲೆ ನೀರಿನ ಬಣ್ಣವನ್ನು ನೇರವಾಗಿ ಬಳಿದರೆ ಅದು ಹಾಳೆಯಂತೆ ಸುಲಿದು ಬರುತ್ತದೆ. ಉಜ್ಜಿ, ನಡುವೆ ತಕ್ಕ ಪ್ರೈಮರ್ ಹಚ್ಚಲೇಬೇಕು.

ಲಾಂಬಿ, ಪ್ರೈಮರ್, ಬಣ್ಣ

ಬಿರುಕು, ಮೊಳೆಯ ರಂಧ್ರಗಳಿಗೆ ಲಾಂಬಿ ತುಂಬಬೇಕು. ಚಾಕ್ ಪುಡಿಗೆ ಅಗಸಿ ಎಣ್ಣೆ ಕಲಸಿ ಮಾಡುವ ಹಳೆಯ ಲಾಂಬಿ ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ನಿಧಾನವಾಗಿ ಒಣಗುತ್ತದೆ. ಈಗ ಸಿದ್ಧ ಲಾಂಬಿಯೂ ದೊರೆಯುತ್ತದೆ. ಅಗಸಿ ಎಣ್ಣೆಯ ವಿಷಯದಲ್ಲಿ ಎಚ್ಚರ ಬೇಕು. ಆ ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಒಗೆದರೆ ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಅವನ್ನು ಬಿಡಿಸಿ ಹರವಬೇಕು, ಇಲ್ಲವೇ ನೀರಿನಲ್ಲಿ ನೆನೆಸಬೇಕು.

ಲಾಂಬಿ ಒಣಗಿ ಸಮಮಾಡಿದ ಮೇಲೆ ಮರದ ಪ್ರೈಮರ್ ಒಂದು ಕೈ. ಹೊಗೆಯ ಕಲೆ, ಎಣ್ಣೆಯ ಕಲೆ ಬಿಳಿ ಬಣ್ಣದ ಮೇಲೆ ಮತ್ತೆ ಮೂಡುವುದುಂಟು. ಅಂಥಲ್ಲಿ ಪ್ರೈಮರಿಗೆ ಮೊದಲು ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಒಂದು ಸಲ ಸವರಿದರೆ ಕಲೆ ಮೇಲೇಳದು. ಆಮೇಲೆ ಬಣ್ಣ ಎರಡು ಕೈ. ಒಂದು ದಪ್ಪ ಕೈಗಿಂತ ಎರಡು ತೆಳು ಕೈ ಉತ್ತಮ. ಕೈ ಕೈ ನಡುವೆ ಹೊಸ ಬಣ್ಣವನ್ನಷ್ಟೇ ನುಣುಪಾದ ಪೇಪರಿನಿಂದ ಹಗುರವಾಗಿ ಸವರಬೇಕು.

ಎಣ್ಣೆಯ ಎನಾಮಲ್ ಗಟ್ಟಿ, ತೊಳೆಯಲು ಸುಲಭ. ಆದರೆ ವಾಸನೆ ಬಹಳ ದಿನ ಉಳಿಯುತ್ತದೆ, ಒಂದು ಕೈ ಒಣಗಲು ಒಂದು ರಾತ್ರಿ ಬೇಕು. ಬಿಳಿ ಎಣ್ಣೆಬಣ್ಣ ಬೆಳಕು ಕಾಣದಲ್ಲಿ ಹಳದಿಗೆ ತಿರುಗುತ್ತದೆ. ಕಪಾಟಿನ ಒಳಭಾಗಕ್ಕೆ ಇದು ಸಲ್ಲದು. ಈಗ ದೊರೆಯುವ ನೀರಿನ ಎನಾಮಲ್‌ಗೆ ವಾಸನೆ ಕಡಿಮೆ, ಹಳದಿಯಾಗದು, ಬೇಗ ಒಣಗುತ್ತದೆ. ಡಬ್ಬಿಯ ಮೇಲೆ ಸೀಸ 90 ಭಾಗಕ್ಕೆ ಮೀರಿಲ್ಲವೆಂಬ ಬರಹವಿದೆಯೇ ಎಂದು ನೋಡಿಯೇ ಕೊಳ್ಳಬೇಕು. ತೂಕದ ಲೆಕ್ಕದಲ್ಲಿ ಬಿಡಿಯಾಗಿ ಮಾರುವ, ಹೆಸರಿಲ್ಲದ ಬಣ್ಣ ಅಗ್ಗವಾದರೂ ಬೇಡ. ಎಣ್ಣೆಬಣ್ಣವನ್ನೇ ಆರಿಸಿದರೆ ಟರ್ಪೆಂಟೈನ್ ಹಬೆಗೆ ಬೆಂಕಿ ತಾಗುವ ಭಯವಿದೆ. ಕೆಲಸ ನಡೆದಷ್ಟು ದಿನ ಗ್ಯಾಸ್ ಒಲೆ ಆ ಕೋಣೆಯಲ್ಲಿರಕೂಡದು.

ಕಾಳುಕಡಿ ನೇರವಾಗಿ ತಾಗುವ ಹಲಗೆಗೆ ಬಣ್ಣವೇ ಬೇಡ. ಹಳೆಯ ಬಣ್ಣವಿಲ್ಲದ ತೇಗವಾದರೆ ತೊಳೆದು ಒಣಗಿಸಿ ಹಾಗೆಯೇ ಬಿಡಬಹುದು. ಹಳೆಯ ಬಣ್ಣವಿದ್ದರೆ ಮೇಲೆ ಹೊಸ ಬಣ್ಣ ಬಳಿದು, ವಾಸನೆ ಪೂರ್ತಿ ಹೋದ ಮೇಲೆ, ಮುಚ್ಚಳದ ಡಬ್ಬಿಯಲ್ಲಿಯೇ ದವಸ ಇಡಬೇಕು. ಮತ್ತೊಂದು ಮಾತು: ಕದ ಚೌಕಟ್ಟಿಗೆ ಉಜ್ಜಿದಲ್ಲೆಲ್ಲ ಹಳೆಯ ಬಣ್ಣ ಮತ್ತೆ ಪುಡಿಯಾಗಿ ಉದುರುತ್ತದೆ. ಬಿಜಾಗರಿ ಸರಿಪಡಿಸಿ ಕದ ಸಲೀಸಾಗಿ ಆಡುವಂತೆ ಮಾಡಿದರೆ ಬಣ್ಣವೂ ಬಾಳುತ್ತದೆ, ಮಕ್ಕಳೂ ಕ್ಷೇಮ.

ಕಾಲ ಮತ್ತು ಖರ್ಚು

ಈ ಕೆಲಸಕ್ಕೆ ಮಳೆಗಾಲ ಯೋಗ್ಯವಲ್ಲ. ಮರ ನೀರು ಹೀರಿ ಉಬ್ಬಿರುತ್ತದೆ, ಬಣ್ಣ ಒಣಗದು. ಉಬ್ಬಿದ ಕದವನ್ನು ಆಗ ಹತರಿಯಿಂದ ಕೆತ್ತಿದರೆ ಬೇಸಿಗೆಯಲ್ಲಿ ಸಂದು ಬಾಯ್ದೆರೆಯುತ್ತದೆ. ದೀಪಾವಳಿ ಕಳೆದ ಮೇಲೆ ಯುಗಾದಿಯವರೆಗಿನ ಕಾಲವೇ ಪ್ರಶಸ್ತ.

ಬಣ್ಣದ ಲೆಕ್ಕವೂ ಸರಳ. ಆರಡಿ ಅಗಲ, ಏಳಡಿ ಎತ್ತರದ ಕಪಾಟಿನ ಕದಗಳ ಎರಡೂ ಮೈ ಸೇರಿ 84 ಚದರ ಅಡಿ. ಚೌಕಟ್ಟು ಕೂಡಿ ಸುಮಾರು 100. ಒಂದು ಲೀಟರ್ ಎನಾಮಲ್ ಒಂದು ಕೈಗೆ 100ರಿಂದ 150 ಚದರ ಅಡಿ ಸಾಗುತ್ತದೆ. ಎರಡು ಕೈಗೆ ಒಂದೂವರೆ ಎರಡು ಲೀಟರ್ ಸಾಕು. ಖರ್ಚಿನ ಹೆಚ್ಚಿನ ಪಾಲು ಕೂಲಿಯದು. ಒದ್ದೆ ಮಾಡಿ ಉಜ್ಜುವುದಕ್ಕೆ ದಿನಗಳು ಹೆಚ್ಚು ಹಿಡಿಯುತ್ತವೆ. ಆ ಕೂಲಿಯನ್ನು ಮನಃಪೂರ್ವಕ ಕೊಡಬೇಕು. ಅಲ್ಲಿ ಉಳಿಸಿದ ಹಣ ನಾಳೆ ವೈದ್ಯರ ಪಾಲಾಗಬಹುದು.

ನಮ್ಮ ಮನೆಯ ಕದಗಳು ಈಗ ಹಾಲಿನ ಕೆನೆಯ ಬಣ್ಣದಲ್ಲಿವೆ. ಮೊದಲಿನಿಂದಲೂ ಬಣ್ಣ ಕಾಣದಿದ್ದ ಒಳಗಿನ ಸಾಗವಾನಿ ಹಲಗೆಗಳನ್ನು ತೊಳೆದು ಹಾಗೆಯೇ ಬಿಟ್ಟೆವು. ತಾಯಿಯವರ ಮಾತೂ ನಡೆಯಿತು, ಸೊಸೆಯ ಆಸೆಯೂ ಈಡೇರಿತು. ಬಣ್ಣಗಾರರು ಹೋಗುವಾಗ ಉಳಿದ ಮಾಸ್ಕುಗಳನ್ನು ಕೇಳಿ ಒಯ್ದರು. ಮುಂದಿನ ಮನೆಯ ಕೆಲಸಕ್ಕೆ ಬೇಕೆಂದರು. ದುರಸ್ತಿಗೆ ಹೊರಟ ಪ್ರತಿಯೊಂದು ಮನೆಯವರೂ ಬಣ್ಣದ ಡಬ್ಬಿಯ ಜೊತೆಗೆ ಅವನ್ನೂ ತಂದಿಡಲೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.